ಪತ್ನಿ ಪತಿಯಾದ ಪ್ರಸಂಗ

ಕುಡತಿನಿಯಿಂದ ದೊಡ್ಡಪ್ಪ ಫೋನ್ ಮಾಡಿದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ, ಮೂರನೇ ಸಲ ಎತ್ತಲೇಬೇಕಾಯ್ತು.

“ತಮ್ಮಾ, ಈ ಫಾರಂನಾಗ ಪತಿಯ ಹೆಸರು ಅಂತ ಕೇಳ್ಯಾರಲ್ಲೋ. ನನಗ ಪತಿ ಎಲ್ಲಿಂದ ತರ್ಲಿ?”

“ಪತ್ನಿಯ ಹೆಸರು ಅಂತ ಇರ್ಬೇಕು ನೋಡ್ರಿ, ದೊಡ್ಡಪ್ಪ.”

“ಕನ್ನಡ ನನಗ ನೀ ಕಲಿಸ್ತೀಯೇನು? ಪ, ತಿ, ಯ. ದೊಡ್ಡ ಅಕ್ಷರ ಮಾಡ್ಕೊಂಡೇ ಓದೀನಿ.”

ಅಷ್ಟರಲ್ಲಿ ಒಂದು ಸಲ ಅರ್ಜಿ ವಾಪಸ್ ಬಂದೂ ಆಗಿತ್ತು. ಪತಿ ಅಂದ್ರೆ ಮನೆಯ ಯಜಮಾನ ಇರಬೇಕು ಅಂತ ತಾವೇ ಅರ್ಥ ಮಾಡ್ಕೊಂಡು ಆ ಜಾಗದಲ್ಲಿ ತಮ್ಮ ಹೆಸರನ್ನೇ ತುಂಬಿದ್ದರು. ಅರ್ಜಿದಾರನೂ ಅವನೇ, ಅವನ ಸಂಗಾತಿಯೂ ಅವನೇ ಅಂದರೆ ಯಾರು ತಾನೇ ಒಪ್ಪುತ್ತಾರೆ? ಯಾವ ಕಚೇರಿ, ಯಾವ ಅರ್ಜಿ ಅನ್ನೋದು ಇಲ್ಲಿ ಬೇಡ. ವಾಟ್ಸಾಪಿನಲ್ಲಿ ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಪುಟದ ಮೇಲ್ಗಡೆ ಮೂರು ‘ಎ’ಗಳ ಸಾಲು: ಎ ಮೈನಸ್, ಬರೀ ಎ, ಎ ಪ್ಲಸ್. ದೊಡ್ಡಪ್ಪ ಎ ಪ್ಲಸ್ ಅನ್ನು ಮೂರು ಸಲ ಒತ್ತಿದ್ದರು. ಪ್ರತಿ ಸಲಕ್ಕೂ ಅಕ್ಷರ ಒಂದೊಂದು ಮೆಟ್ಟಿಲು ಹತ್ತಿದೆ. ಆದರೆ ಆ ಅಕ್ಷರ ಕೂತಿದ್ದ ಪೆಟ್ಟಿಗೆ ಇದ್ದಷ್ಟೇ ಎತ್ತರ ಉಳಿದಿದೆ. ಪೆಟ್ಟಿಗೆಯ ಕೆಳಗೆ ಚೆಲ್ಲಿದ್ದನ್ನು ಮರೆಮಾಡು ಅಂತ ಬರೆದವನು ಬರೆದಿದ್ದಾನೆ. ‘ಪತ್ನಿ’ಯ ಕೆಳಗಿದ್ದ ನ ಒತ್ತು ಕತ್ತರಿಸಿಹೋಗಿ ‘ಪತಿ’ ಉಳಿದಿದೆ.

ನಗು ಬಂತು, ಆಮೇಲೆ ಕಸಿವಿಸಿಯಾಯ್ತು. ಯಾಕಂದ್ರೆ ನಾನೂ ಇಂಥ ಪುಟಗಳನ್ನೇ ಕಟ್ಟಿ ಸಂಬಳ ಎಣಿಸುವವನು. ‘ಹೈಟ್ 32 ಪಿಕ್ಸೆಲ್, ಓವರ್‌ಫ್ಲೋ ಹಿಡನ್’ ಅಂತ ನನ್ನ ಕೈ ಎಷ್ಟು ಸಲ ಬರೆದಿದೆಯೋ ಲೆಕ್ಕವಿಲ್ಲ. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದರೆ ಇದು ಗೊತ್ತೇ ಆಗಲ್ಲ. ‘ಸ್ಪೌಸ್’ ಅನ್ನೋ ಇಂಗ್ಲಿಷ್ ಪದದಲ್ಲಿ ‘ಪಿ’ ಅಕ್ಷರದ ಬಾಲ ತುಂಡಾದರೂ ಪದ ಅದೇ. ಕನ್ನಡದಲ್ಲಿ ಕೆಳಗಿನ ಕಾಲಂಗುಲ ಹೋದರೆ ಕತ್ತೆ ಕತೆಯಾಗುತ್ತೆ, ಹಳ್ಳಿ ಹಳಿಯಾಗುತ್ತೆ, ಮಗ್ಗ ಮಗನಾಗುತ್ತೆ. (ಕರ್ಮ ಮಾತ್ರ ಎಷ್ಟು ದೊಡ್ಡದು ಮಾಡಿದರೂ ಕತ್ತರಿಸಿ ಹೋಗಲ್ಲ. ಅದರ ಅರ್ಕಾವತ್ತು ಪಕ್ಕದಲ್ಲಿರುತ್ತೆ.)

ಓದುವವರು ತಮಗೆ ಬೇಕಾದ ಹಾಗೆ ಪುಟದ ಅಳತೆ ಬದಲಿಸಿಕೊಳ್ಳಲಿ, ಆದರೆ ನಾವು ಇಟ್ಟ ಮೆಟ್ಟಿಲುಗಳ ಮೇಲೇ ಬದಲಿಸಲಿ ಅನ್ನುವ ಈ ಯೋಚನೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಹುಡುಕಾಟ ನನ್ನನ್ನು ಕ್ಯಾಲಿಫೋರ್ನಿಯಾಕ್ಕೆ ಕರೆದೊಯ್ಯುತ್ತೆ ಅಂದುಕೊಂಡಿದ್ದೆ. ಅಲ್ಲಿಗೂ ಹೋಯ್ತು, ನಿಜ. ಆದರೆ ಕನ್ನಡದ ಮಟ್ಟಿಗೆ ಕತೆಯ ಮುಖ್ಯ ತಿರುವು ಇರುವುದು ದೊಡ್ಡಪ್ಪನ ಮನೆಯಿಂದ ಬಸ್ಸು ಹತ್ತಿದರೆ ಸಿಗುವ ಬಳ್ಳಾರಿಯಲ್ಲೇ.

1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕ. ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನಾಚರಣೆ ಆಗಿರುವುದು ಈ ಕಾರಣಕ್ಕೆ. ಇಷ್ಟು ಎಲ್ಲರಿಗೂ ಗೊತ್ತು. ಅದು ಅಚ್ಚಾದದ್ದು ಹೇಗೆ ಅನ್ನೋದು ನಮ್ಮ ಕತೆಗೆ ಮುಖ್ಯ. ಅದು ಕಲ್ಲಚ್ಚಿನ ಪತ್ರಿಕೆ. ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಅನ್ನುವ ನಾಟಕಕಾರ ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಹಾಕಿಸೋ ದಾರಿ ಹುಡುಕುತ್ತಾ 1796ರ ಸುಮಾರಿಗೆ ಕಂಡುಕೊಂಡ ವಿಧಾನ ಇದು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯಬೇಕು, ಕಲ್ಲನ್ನು ಒದ್ದೆ ಮಾಡಬೇಕು, ಆಮೇಲೆ ಮಸಿಯ ರೋಲರ್ ಉರುಳಿಸಬೇಕು. ಜಿಡ್ಡು ನೀರನ್ನು ದೂರ ತಳ್ಳುತ್ತೆ, ಹಾಗಾಗಿ ಬರೆದ ಗೆರೆಗಳಿಗೆ ಮಾತ್ರ ಮಸಿ ಹಿಡಿಯುತ್ತೆ. ಅದರ ಮೇಲೆ ಕಾಗದ ಒತ್ತಿದರೆ ಪುಟ ಸಿದ್ಧ.

ಅಂದ್ರೆ ಕನ್ನಡದ ಮೊದಲ ಪತ್ರಿಕೆ ಕೈಬರಹದ್ದು. ಬರೆಯುವವನ ಕೈಗೆ ಮೆಟ್ಟಿಲುಗಳಿರಲಿಲ್ಲ. ಸಾಲು ಮುಗಿಯುತ್ತಾ ಬಂತು, ಇನ್ನೂ ಎರಡು ಪದ ಉಳಿದಿವೆ ಅಂದರೆ ಅಕ್ಷರವನ್ನು ಕೊಂಚ ಕಿರಿದು ಮಾಡಿದರಾಯ್ತು. ಒತ್ತು ಉದ್ದವಿದೆ, ಕೆಳಗಿನ ಸಾಲಿಗೆ ತಾಗುತ್ತೆ ಅಂದರೆ ಆ ಸಾಲನ್ನು ಒಂದು ಎಳೆಯಷ್ಟು ಕೆಳಗೆ ಇಳಿಸಿದರಾಯ್ತು. ‘ಸ್ತ್ರೀ’ ಅಂತ ಬರೆಯುವಾಗ ಎಷ್ಟು ಜಾಗ ಬೇಕೋ ಅಷ್ಟು, ‘ಮರ’ ಅಂತ ಬರೆಯುವಾಗ ಅದಕ್ಕಿಂತ ಕಡಿಮೆ. ಪೆನ್ನಿಗೆ ಹನ್ನೆರಡೂ ಇಲ್ಲ, ಹದಿನಾಲ್ಕೂ ಇಲ್ಲ, ಅವುಗಳ ನಡುವೆ ಇರುವುದೆಲ್ಲವೂ ಇದೆ.

ಮರುವರ್ಷವೇ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಬಂತು. ಹೆಸರು ‘ಕನ್ನಡ ಸಮಾಚಾರ’ ಅಂತಾಯ್ತು. ಬಳ್ಳಾರಿಯೇ ಯಾಕೆ? ಅಲ್ಲಿ ಲಂಡನ್ ಮಿಷನ್ನಿನವರ ಅಚ್ಚುಕೂಟವಿತ್ತು, ಕನ್ನಡದ ಸೀಸದ ಮೊಳೆಗಳಿದ್ದವು. ಆ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದ್ದು 1810ರಲ್ಲಿ. ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತವರು, 1830ರ ದಶಕದ ಆರಂಭದ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಸಿಗುವಂತಾಯ್ತು. (ಬಳ್ಳಾರಿಯವರಿಗೆ ಚೆನ್ನಾಗಿ ಗೊತ್ತಿರುವ ವಾರ್ಡ್ಲಾ ಶಾಲೆಯ ಬೇರೂ ಇದೇ ಮಿಷನ್ನಿನಲ್ಲಿದೆ.) ಹೀಗೆ ನಮ್ಮ ಮೊದಲ ಪತ್ರಿಕೆ ಹುಟ್ಟಿ ವರ್ಷ ತುಂಬುವುದರೊಳಗೆ ಕಲ್ಲಿನಿಂದ ಸೀಸಕ್ಕೆ, ಕೈಯ ಓಟದಿಂದ ಮೆಟ್ಟಿಲುಗಳಿಗೆ ಬಂತು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಮೆಟ್ಟಿಲು ಉಳೀತು.

ಸೀಸದಲ್ಲಿ ಅಕ್ಷರದ ಅಳತೆ ಬದಲಿಸೋದು ಅಂದ್ರೆ ಏನು ಅಂತ ಒಂದು ನಿಮಿಷ ಯೋಚಿಸಿ. ಒಂದು ಮೊಳೆ ಅಂದರೆ ಒಂದು ಪುಟ್ಟ ಲೋಹದ ಕಂಬ, ಅದರ ತಲೆಯ ಮೇಲೆ ತಿರುಗುಮುರುಗಾದ ಅಕ್ಷರ. ಅದನ್ನು ಹಿಗ್ಗಿಸೋಕೆ ಆಗಲ್ಲ, ಕುಗ್ಗಿಸೋಕೂ ಆಗಲ್ಲ. ಇನ್ನೊಂದು ಅಳತೆ ಬೇಕಾದರೆ ಪ್ರತಿ ಅಕ್ಷರಕ್ಕೂ ಹೊಸದಾಗಿ ಉಕ್ಕಿನ ಪಂಚ್ ಕೆತ್ತಿ, ಅಚ್ಚು ಮಾಡಿ, ಸೀಸ ಎರಕ ಹೊಯ್ದು, ಎಲ್ಲವನ್ನೂ ಹೊಸ ಪೆಟ್ಟಿಗೆಯ ಖಾನೆಗಳಲ್ಲಿ ತುಂಬಿಡಬೇಕು. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಸೇರಿದರೂ ನೂರರ ಆಸುಪಾಸು. ಕನ್ನಡಕ್ಕೆ ಕಾಗುಣಿತ, ಒತ್ತು ಸೇರಿಸಿ ನೂರಾರು. ಒಂದೊಂದು ಅಳತೆಯೂ ಒಂದೊಂದು ಮದುವೆಯ ಖರ್ಚು. ಹಾಗಾಗಿ ಅಚ್ಚುಕೂಟದವರು ಬೇಕೇಬೇಕು ಅನ್ನುವ ಕೆಲವೇ ಅಳತೆ ಇಟ್ಟುಕೊಂಡು ಅದರಲ್ಲೇ ಸಂಸಾರ ಸಾಗಿಸಿದರು.

ಆ ಅಳತೆಗಳಿಗೆ ಯುರೋಪಿನಲ್ಲಿ ಮೊದಲು ಅಂಕಿ ಇರಲಿಲ್ಲ, ಹೆಸರಿತ್ತು: ಬ್ರೆವಿಯರ್, ಲಾಂಗ್ ಪ್ರೈಮರ್, ಪೈಕಾ, ಗ್ರೇಟ್ ಪ್ರೈಮರ್. ನಮ್ಮ ಹಳೇ ಮುದ್ರಣದವರ ಬಾಯಲ್ಲಿ ಪೈಕಾ ಅನ್ನೋ ಮಾತು ಕೇಳಿದವರು ಇನ್ನೂ ಇದ್ದಾರೆ. ತೊಂದರೆ ಏನಂದ್ರೆ ಒಬ್ಬನ ಪೈಕಾ ಇನ್ನೊಬ್ಬನ ಪೈಕಾಕ್ಕೆ ಸರಿಹೊಂದುತ್ತಿರಲಿಲ್ಲ. ಒಂದೊಂದು ಊರಿನ ಸೇರು ಒಂದೊಂದು ಥರ ಇದ್ದ ಹಾಗೆ. 1737ರಲ್ಲಿ ಪ್ಯಾರಿಸಿನ ಪಿಯರ್ ಸಿಮೋನ್ ಫೂರ್ನಿಯೆ ಇದನ್ನು ಪಾಯಿಂಟ್ ಅನ್ನುವ ಸಣ್ಣ ಸಮ ಭಾಗಗಳಿಗೆ ಕಟ್ಟಿಹಾಕಿದ. ಆಮೇಲೆ ಫ್ರಾನ್ಸ್ವಾ ಆಂಬ್ರ್ವಾಸ್ ದಿದೋ ಅದನ್ನು ತಿದ್ದಿದ. 1886ರಲ್ಲಿ ಅಮೆರಿಕದ ಮೊಳೆ ಎರಕದವರೆಲ್ಲ ಸೇರಿ 12 ಪಾಯಿಂಟಿಗೆ ಒಂದು ಪೈಕಾ ಅಂತ ಒಪ್ಪಿಕೊಂಡರು. 72 ಪಾಯಿಂಟ್ ಅಂದ್ರೆ ಒಂದು ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ.

6, 8, 10, 12, 14, 18, 24, 36, 48, 72. ಈ ಸಾಲು ಎಲ್ಲೋ ನೋಡಿದ ಹಾಗಿದೆ ಅಲ್ವಾ? ವರ್ಡ್ ತೆಗೆದು ಅಕ್ಷರದ ಅಳತೆಯ ಪಟ್ಟಿ ಇಳಿಸಿ ನೋಡಿ. ನಡುನಡುವೆ ಕೆಲವು ಅಂಕಿ ಸೇರಿವೆ, ಆದರೆ 28 ಆದ ಮೇಲೆ ಧಡಕ್ಕನೆ 36, ಆಮೇಲೆ 48, ಆಮೇಲೆ 72. ಇವು ಕಂಪ್ಯೂಟರಿನ ಅಗತ್ಯದಿಂದ ಬಂದ ಅಂಕಿಗಳಲ್ಲ. ಸೀಸದ ಮೊಳೆ ತೂಗುತ್ತಿದ್ದ ಕಾಲದಲ್ಲಿ ಕೊಳ್ಳಲು ಸಿಗುತ್ತಿದ್ದ ಅಳತೆಗಳು. 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಬಂತು, 1991ರಲ್ಲಿ ಟ್ರೂಟೈಪ್ ಬಂತು, ಅಕ್ಷರ ಅನ್ನೋದು ಗಣಿತದ ಗೆರೆಯಾಯ್ತು, 13.7 ಬೇಕಂದರೂ ಸಿಗುತ್ತೆ. ಆದರೂ ಮೆನುವಿನಲ್ಲಿ ಅದೇ ಹಳೇ ಮೆಟ್ಟಿಲು. ನೊಗ ಬಿಚ್ಚಿದ ಮೇಲೂ ಎತ್ತು ಗಾಣದ ಸುತ್ತವೇ ತಿರುಗಿದ ಹಾಗೆ.

ಮೆಟ್ಟಿಲನ್ನು ಬೈಯೋದು ನನ್ನ ಉದ್ದೇಶವಲ್ಲ. ಸೀಸದ ಪುಟ ನಿಲ್ಲುತ್ತಿದ್ದದ್ದೇ ಅದರಿಂದ. ಮೊಳೆ, ಪದಗಳ ನಡುವಿನ ತುಂಡು, ಸಾಲುಗಳ ನಡುವೆ ಇಡುವ ಸೀಸದ ಪಟ್ಟಿ ಎಲ್ಲವೂ ಒಂದೇ ಲೆಕ್ಕದಲ್ಲಿದ್ದರೆ ಮಾತ್ರ ಚೌಕಟ್ಟಿನೊಳಗೆ ಬಿಗಿಯಾಗಿ ಕೂರುತ್ತವೆ. ಲೆಕ್ಕ ತಪ್ಪಿದರೆ ಚೌಕಟ್ಟು ಎತ್ತಿದಾಗ ಮೊಳೆಗಳು ಉದುರಿ, ಅರ್ಧ ದಿನದ ಕೆಲಸ ನೆಲದ ಪಾಲು. ಇನ್ನೊಂದು ಮಾತು: ಸೀಸದಲ್ಲಿ ಅಕ್ಷರಕ್ಕೂ ಅದರ ಪೆಟ್ಟಿಗೆಗೂ ಭೇದವೇ ಇರಲಿಲ್ಲ. 12 ಪಾಯಿಂಟ್ ಅನ್ನುವುದು ಅಕ್ಷರದ ಎತ್ತರವಲ್ಲ, ಅದು ಕೂತಿರುವ ಲೋಹದ ಕಂಬದ ಅಳತೆ. ಕನ್ನಡದ ಮೊಳೆ ಮಾಡಿಸುವವನು ಒತ್ತಿಗೆ ಎಲ್ಲಿ ಜಾಗ ಅನ್ನೋ ಪ್ರಶ್ನೆಗೆ ಲೋಹ ಕರಗಿಸುವ ಮೊದಲೇ ಉತ್ತರ ಹೇಳಬೇಕಿತ್ತು. ಅಕ್ಷರ ಒಂದು ಮೆಟ್ಟಿಲು ಏರಿದರೆ ಅದರ ಜಾಗವೂ ಜೊತೆಯಲ್ಲೇ ಏರುತ್ತಿತ್ತು. ಅಲ್ಲಿ ಪತ್ನಿ ಪತಿಯಾಗಬೇಕಾದರೆ ಮೊಳೆ ಜೋಡಿಸುವವನೇ ಒತ್ತನ್ನು ಮರೆಯಬೇಕಿತ್ತು.

ಅಂದ ಹಾಗೆ, ಮೊಳೆ ಬಂದ ತಕ್ಷಣ ಕಲ್ಲು ಸಾಯಲಿಲ್ಲ. ಅದೇ ಮೊಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆ, ಅಂದರೆ ಜೈಮಿನಿ ಭಾರತ, ಬಸವಪುರಾಣದಂಥ ದೊಡ್ಡ ಕೃತಿಗಳು, ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲೇ ಬಂದವು. ಹಳಗನ್ನಡ, ನಡುಗನ್ನಡದ ಒತ್ತುಗಳ ರಾಶಿಗೆ ಕೈಬರಹ ಹೆಚ್ಚು ಸಲೀಸು ಅಂತ ನನಗನ್ನಿಸುತ್ತೆ. ಇದು ನನ್ನ ಊಹೆ ಅಷ್ಟೇ.

ಈಗ ಕಂಪ್ಯೂಟರಿಗೆ ಬರೋಣ. 1963ರಲ್ಲಿ ಎಂಐಟಿಯ ಇವಾನ್ ಸದರ್ಲೆಂಡ್ ತಮ್ಮ ಪಿಎಚ್‌ಡಿಗೆ ಸ್ಕೆಚ್‌ಪ್ಯಾಡ್ ಅನ್ನೋ ಪ್ರೋಗ್ರಾಂ ಮಾಡಿದರು. ಪರದೆಯ ಮೇಲೆ ಬೆಳಕಿನ ಪೆನ್ನಿನಲ್ಲಿ ಗೆರೆ ಎಳೆಯಬಹುದಿತ್ತು. ಮನುಷ್ಯನ ಕೈ ನಡುಗುತ್ತೆ, ಗೆರೆಯ ತುದಿಗೆ ಸರಿಯಾಗಿ ತಾಗಿಸೋದು ಕಷ್ಟ. ಅದಕ್ಕೆ ಅವರು ಗೆರೆಗಳಿಗೆ ಒಂದು ಬಗೆಯ ‘ಗುರುತ್ವ’ ಕೊಟ್ಟರು: ಪೆನ್ನು ಹತ್ತಿರ ಬಂದರೆ ಸಾಕು, ಗೆರೆ ತಾನೇ ಅದನ್ನು ಎಳೆದುಕೊಳ್ಳುತ್ತೆ. ನಾವು ಇವತ್ತು ‘ಸ್ನ್ಯಾಪ್’ ಅನ್ನೋದರ ಮೂಲ ಪುರುಷ ಇದು. 1984ರ ಮ್ಯಾಕ್‌ಡ್ರಾದಲ್ಲಿ ಅದು ಗ್ರಿಡ್ ಆಯ್ತು. 1985ರ ಪೇಜ್‌ಮೇಕರ್ ನಮ್ಮೂರುಗಳ ಡಿಟಿಪಿ ಅಂಗಡಿಗಳಿಗೂ ಬಂತು, ಲಗ್ನಪತ್ರಿಕೆಯಿಂದ ಪಠ್ಯಪುಸ್ತಕದವರೆಗೆ ಎಲ್ಲವನ್ನೂ ಕಟ್ಟಿತು. ಪೇಜ್‌ಮೇಕರ್ ತಾನಾಗಿ ಕೊಡುತ್ತಿದ್ದ ಸಾಲಿನ ಅಂತರ ಅಕ್ಷರದ ಅಳತೆಯ ಶೇ 120, ಅಂದ್ರೆ 12ಕ್ಕೆ 14.4. ಇಂಗ್ಲಿಷಿಗೆ ಹೇಳಿ ಮಾಡಿಸಿದ ಲೆಕ್ಕ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ. ಡಿಟಿಪಿ ಕೆಲಸ ಬಲ್ಲವರು ಆ ಅಂಕಿಯನ್ನು ಕೈಯಾರೆ ಏರಿಸಿಕೊಳ್ಳೋರು. ಅಳತೆಯ ಬೀಗದ ಕೈ ಇನ್ನೂ ಪುಟ ಕಟ್ಟುವವನ ಹತ್ತಿರವೇ ಇತ್ತು. ಓದುವವರಿಗೆ ಕಾಣಿಸಲಿಲ್ಲ ಅಂದ್ರೆ ಕನ್ನಡಕ ಹಾಕ್ಕೊಳ್ಳಿ, ಅಷ್ಟೇ.

ಕನ್ನಡಕವೂ ಮೆಟ್ಟಿಲ ಲೆಕ್ಕವೇ ಅನ್ನಿ. ಬಸ್‌ಸ್ಟ್ಯಾಂಡ್ ಹತ್ತಿರ ಸಿಗುವ ಸಿದ್ಧ ಚಾಳೀಸು ಪ್ಲಸ್ 1, ಪ್ಲಸ್ ಒಂದೂವರೆ, ಪ್ಲಸ್ 2 ಅಂತಲೇ ಬರೋದು. ಕಣ್ಣಿನ ಡಾಕ್ಟರ ಮೆಟ್ಟಿಲು ಇನ್ನೂ ಸಣ್ಣದು, 0.25.

ವೆಬ್ ಬಂದಾಗ ಮೊದಲ ಸಲ ಬೀಗದ ಕೈ ಓದುವವರ ಕಡೆ ಸರಿಯಿತು. ಅದೂ ಅಳೆದು ತೂಗಿ. ಆರಂಭದ ಎಚ್‌ಟಿಎಂಎಲ್‌ನಲ್ಲಿ ಅಕ್ಷರಕ್ಕೆ 1ರಿಂದ 7ರವರೆಗೆ ಏಳೇ ಅಳತೆ. ಇಂಟರ್ನೆಟ್ ಎಕ್ಸ್‌ಪ್ಲೋರರಿನ ಮೆನುವಿನಲ್ಲಿ ಓದುವವರಿಗೆ ಐದು ಮೆಟ್ಟಿಲು, ಅತಿ ಚಿಕ್ಕದರಿಂದ ಅತಿ ದೊಡ್ಡದರವರೆಗೆ. ಆದರೆ ಪುಟ ಬರೆದವನು ಅಕ್ಷರದ ಅಳತೆಯನ್ನು ಪಿಕ್ಸೆಲ್‌ನಲ್ಲಿ ಹೇಳಿಬಿಟ್ಟಿದ್ದರೆ ಎಕ್ಸ್‌ಪ್ಲೋರರ್ 6ರಲ್ಲಿ ಆ ಐದರಲ್ಲಿ ಯಾವುದನ್ನು ಒತ್ತಿದರೂ ಅಕ್ಷರ ಜಪ್ಪಯ್ಯ ಅನ್ನುತ್ತಿರಲಿಲ್ಲ. ಪುಟದ ಒಳಗೇ ‘ಎ ಪ್ಲಸ್’ ಗುಂಡಿ ಇಡುವ ಪದ್ಧತಿ ಬೆಳೆಯೋಕೆ ಇದೂ ಒಂದು ಕಾರಣ. ಬ್ರೌಸರ್ ಕೈಕೊಟ್ಟಲ್ಲಿ ಪುಟವೇ ಮೆಟ್ಟಿಲು ಕಟ್ಟಿಕೊಡಲಿ ಅಂತ.

ಅದೇ ಕಾಲಕ್ಕೆ ಇನ್ನೊಂದು ಕಡೆ ಪೆಟ್ಟಿಗೆಗಳು ಹಿಗ್ಗೋದು ಕಲಿತವು. 2007ರಲ್ಲಿ ಸಫಾರಿ 3 ಬಂದಾಗ ಬರೆಯುವ ಜಾಗದ ಮೂಲೆಯಲ್ಲಿ ಒಂದು ಹಿಡಿ ಬಂತು, ಎಳೆದರೆ ದೊಡ್ಡದಾಗುತ್ತಿತ್ತು. ಅದೇ ವರ್ಷ ಬಂದ ಜೆಕ್ವೆರಿ ಯುಐ ಅನ್ನೋ ಸಲಕರಣೆಯಿಂದ ಪುಟದ ಯಾವ ಭಾಗವನ್ನು ಬೇಕಾದರೂ ಎಳೆದು ಹಿಗ್ಗಿಸುವ ಹಾಗೆ ಮಾಡಬಹುದಿತ್ತು. ಅದರಲ್ಲಿ ‘ಗ್ರಿಡ್’ ಅಂತ ಒಂದು ಆಯ್ಕೆ. 20 ಅಂತ ಕೊಟ್ಟರೆ ಪೆಟ್ಟಿಗೆ ಎಳೆದಷ್ಟೂ ಬರಲ್ಲ, ಇಪ್ಪತ್ತಿಪ್ಪತ್ತು ಪಿಕ್ಸೆಲ್ ಜಿಗಿಯುತ್ತೆ. ನಾನು ಕೆಲಸ ಕಲಿತದ್ದು ಇಂಥದ್ದರ ಮೇಲೇ. ಡ್ಯಾಶ್‌ಬೋರ್ಡಿನ ಚೌಕಗಳನ್ನು ಜನ ಹೇಗೆ ಎಳೆದರೂ ಅಕ್ಕಪಕ್ಕದ ಚೌಕಗಳು ಸಾಲಾಗಿ ನಿಲ್ಲುತ್ತಿದ್ದವು, ನೋಡೋಕೆ ಖುಷಿ ಆಗೋದು. ಸದರ್ಲೆಂಡರ ಗುರುತ್ವವೂ ಅದೇ, ಬಳ್ಳಾರಿಯ ಚೌಕಟ್ಟಿನ ಬಿಗಿಯೂ ಅದೇ.

ದೊಡ್ಡಪ್ಪನ ಸ್ಕ್ರೀನ್‌ಶಾಟ್ ನೋಡುತ್ತಾ ನನಗೆ ಹೊಳೆದದ್ದು ಇಷ್ಟು: ವೆಬ್ಬಿನಲ್ಲಿ ಎರಡು ಏಣಿ ಬೆಳೆದವು, ಒಂದಕ್ಕೊಂದು ಪರಿಚಯವೇ ಇಲ್ಲದೆ. ಗ್ರಿಡ್ಡಿನ ಏಣಿಯಲ್ಲಿ ಪೆಟ್ಟಿಗೆ ಏರುತ್ತೆ, ಅಕ್ಷರ ಇದ್ದಲ್ಲೇ ಇರುತ್ತೆ. ಎ ಪ್ಲಸ್ಸಿನ ಏಣಿಯಲ್ಲಿ ಅಕ್ಷರ ಏರುತ್ತೆ, ಪೆಟ್ಟಿಗೆ ಕೆಳಗೇ ನಿಂತಿರುತ್ತೆ. ಸೀಸದಲ್ಲಿ ಒಂದೇ ಆಗಿದ್ದದ್ದನ್ನು ನಾವು ಸೀಳಿ ಎರಡು ಮಾಡಿದ್ದೇವೆ. ಇಂಗ್ಲಿಷಿಗೆ ಆ ಸೀಳು ಕಾಣಲಿಲ್ಲ, ಒತ್ತಕ್ಷರದ ಭಾಷೆ ಅದರೊಳಗೆ ಬಿತ್ತು.

ನಿಯಮಗಳಿಲ್ಲ ಅಂತಲ್ಲ. 2008ರ ಡಿಸೆಂಬರಿನಲ್ಲಿ ಬಂದ ಡಬ್ಲ್ಯೂಸಿಎಜಿ 2.0 ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ, ಅಕ್ಷರವನ್ನು ಶೇ 200ರವರೆಗೆ ಹಿಗ್ಗಿಸಿದರೂ ಪುಟದಲ್ಲಿರೋದು ಏನೂ ಕಳೆದುಹೋಗಬಾರದು ಅಂತ ಸ್ಪಷ್ಟವಾಗಿ ಹೇಳುತ್ತೆ. ಅದರ ಬೆನ್ನಿಗೇ 2009ರಲ್ಲಿ ಭಾರತ ಸರ್ಕಾರದ ಜಾಲತಾಣಗಳಿಗೆ ಮಾರ್ಗಸೂಚಿ ಬಂತು. ಅದನ್ನು ಸಿದ್ಧ ಮಾಡಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. 2018ರಲ್ಲಿ, 2023ರಲ್ಲಿ ಅದರ ಹೊಸ ಆವೃತ್ತಿಗಳೂ ಬಂದವು. ಮೂರು ‘ಎ’ ಸರ್ಕಾರಿ ಪುಟಗಳ ಹಣೆಯ ಮೇಲೆ ವಿಭೂತಿಯ ಹಾಗೆ ಕೂತದ್ದು ಈ ಕಾಲದಲ್ಲೇ. ಕನ್ನಡ ಪುಟದಲ್ಲೂ ಇಂಗ್ಲಿಷಿನ ಎ ಯಾಕೆ ಅಂತ ಕೆಲವರು ಮುನಿಸಿಕೊಳ್ಳುತ್ತಾರೆ. ಅಲ್ಲಿ ‘ಅ’ ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೇ, ಅದಕ್ಕೆ ಒತ್ತೇ ಇಲ್ಲ. ‘ಸ್ತ್ರೀ’ ಅಂತ ಹಾಕಿದ್ದರೆ ಗುಂಡಿ ಮಾಡಿದವನಿಗೇ ಮೊದಲು ತಪ್ಪು ಕಾಣುತ್ತಿತ್ತು.

ಬ್ರೌಸರಿನ ಜೂಮ್ ಈ ಸೀಳನ್ನು ಮಟ್ಟಿಗೆ ಹೊಲಿಯುತ್ತೆ. ಕ್ರೋಮಿನಲ್ಲಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ: 100, 110, 125, 150, 175, 200, 250, 300, 400, 500. ಮತ್ತೆ ಮೆಟ್ಟಿಲೇ, ಮತ್ತೆ ಮೇಲೆ ಹೋದಷ್ಟೂ ಅಗಲವಾಗುವ ಮೆಟ್ಟಿಲು, ಥೇಟ್ ಮೊಳೆಗಳ ಹಾಗೆ. ಆದರೆ ಇಲ್ಲಿ ಪೆಟ್ಟಿಗೆ, ಅಕ್ಷರ ಎರಡೂ ಒಟ್ಟಿಗೆ ಏರುತ್ತವೆ. 2023 ಮುಗಿಯುವ ಹೊತ್ತಿಗೆ ಮುಖ್ಯ ಬ್ರೌಸರ್‌ಗಳೆಲ್ಲ ‘ಎಲ್‌ಎಚ್’ ಅನ್ನೋ ಹೊಸ ಅಳತೆಯನ್ನು ಒಪ್ಪಿಕೊಂಡವು. ಅದು ಸಾಲಿನ ಎತ್ತರದ ಅಳತೆ. ಪೆಟ್ಟಿಗೆಗೆ 32 ಪಿಕ್ಸೆಲ್ ಅನ್ನುವ ಬದಲು ಒಂದೂವರೆ ಸಾಲಿನೆತ್ತರ ಅಂದರೆ, ಸಾಲು ಹಿಗ್ಗಿದಾಗ ಪೆಟ್ಟಿಗೆಯೂ ಹಿಗ್ಗುತ್ತೆ. ಸೀಸದ ಪಟ್ಟಿಯ ಲೆಕ್ಕವೇ, ಸೀಸ ಇಲ್ಲದೆ.

ದೊಡ್ಡಪ್ಪನ ಹತ್ತಿರ ಕಂಪ್ಯೂಟರ್ ಇಲ್ಲ, ಇರೋದು ಫೋನು. ಮುಂದಿನ ವಾರ ಊರಿಗೆ ಹೋದಾಗ ಪಕ್ಕ ಕೂತು ಎ ಬಟನ್ ಒತ್ತಿ ಅಕ್ಷರವನ್ನು ಮೊದಲಿನಷ್ಟಕ್ಕೇ ತಂದೆ. ಆಮೇಲೆ ಎರಡು ಬೆರಳಿಟ್ಟು ಪರದೆಯನ್ನು ಹಿಗ್ಗಿಸೋದು ತೋರಿಸಿದೆ. 2007ರ ಐಫೋನ್ ಜನಪ್ರಿಯ ಮಾಡಿದ ಈ ಚಿವುಟಾಟಕ್ಕೆ ಮೆಟ್ಟಿಲೇ ಇಲ್ಲ. ಬಹಳಷ್ಟು ಪುಟಗಳು ಇದನ್ನೂ ಬೀಗ ಹಾಕಿ ಇಡುತ್ತಿದ್ದವು, 2016ರಲ್ಲಿ ಐಓಎಸ್ 10 ಬಂದಾಗ ಸಫಾರಿ ಅಂಥ ಬೀಗಗಳನ್ನು ಲೆಕ್ಕಕ್ಕೇ ತಗೊಳ್ಳೋದು ಬಿಟ್ಟಿತು. ದೊಡ್ಡಪ್ಪನ ಪುಟಕ್ಕೆ ಪುಣ್ಯಕ್ಕೆ ಬೀಗ ಇರಲಿಲ್ಲ. ಅಕ್ಷರ, ಒತ್ತು, ಪೆಟ್ಟಿಗೆ ಎಲ್ಲ ಬೆರಳಿನ ಜೊತೆಗೇ ಹಿಗ್ಗಿದವು, ಕಲ್ಲಿನ ಮೇಲೆ ಕೈ ಓಡಿದ ಹಾಗೆ. ಒಂದೇ ತಾಪತ್ರಯ, ಸಾಲು ಪರದೆಯಿಂದ ಆಚೆ ಹೋಗುತ್ತೆ, ಪ್ರತಿ ಸಾಲಿಗೂ ಅತ್ತಿಂದಿತ್ತ ಎಳೆಯಬೇಕು.

“ಇದು ಹೊಲ ಹರಗಿದಂಗ ಆತಲ್ಲೋ” ಅಂದರು ದೊಡ್ಡಪ್ಪ. ಆದರೂ ಎಳೀತಾ ಹೋದರು. ಆ ಸಾಲು ಬಂದಾಗ ನಿಂತರು. ಚಾಳೀಸು ಮೂಗಿನ ತುದಿಗೆ ಸರಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದರು.

“ಪತ್, ನಿ, ಯ.”

ಒಳಗಿನಿಂದ ದೊಡ್ಡಮ್ಮ ಕೇಳಿದರು: “ಈಗ ಸಿಕ್ಕಳೇನು?”